ಪದಚರ್ಚೆ: ಓವರ್‌ಕ್ಲಾಕ್ ಮಾಡು ಅನ್ನುವುದಕ್ಕೆ ‘ಮಿಡಿತ ಏರಿಸು’ ಆಗಬಹುದಾ?

ಎಲ್ಲರಿಗೂ ನಮಸ್ಕಾರ,

ಗ್ರಾಫಿಕ್ಸ್ ಕಾರ್ಡನ್ನು ಮೊದಲ ಸಲ ಓವರ್‌ಕ್ಲಾಕ್ ಮಾಡುವವರಿಗಾಗಿ ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಓವರ್‌ಕ್ಲಾಕ್ ಅಂದರೆ ಚಿಪ್ಪಿನ ಕೆಲಸಕ್ಕೆ ತಾಳ ಹಾಕುವ ಕ್ಲಾಕನ್ನು ತಯಾರಿಸಿದವರು ಇಟ್ಟಿದ್ದಕ್ಕಿಂತ ಮೇಲಕ್ಕೆ ಏರಿಸುವುದು. 6 ಜಿಬಿಯ ಜಿಟಿಎಕ್ಸ್ 1060 ಕಾರ್ಡನ್ನೇ ಉದಾಹರಣೆಗೆ ಇಟ್ಟುಕೊಂಡಿದ್ದೇನೆ. ಹೊಸದಾಗಿ ಕಲಿಯುವವರು ಇಂಥ ಹಳೇ ಕಾರ್ಡಿನ ಮೇಲೆ ಕೈ ಪಳಗಿಸಿಕೊಂಡರೆ ಒಳ್ಳೆಯದು. ಕೆಲಸವೇನೂ ಕಷ್ಟದ್ದಲ್ಲ. ಆಫ್ಟರ್‌ಬರ್ನರ್ ಅನ್ನುವ ಸಾಫ್ಟ್‌ವೇರ್ ತೆರೆದು ಕೋರ್ ಕ್ಲಾಕನ್ನು (ಮುಖ್ಯ ಚಿಪ್ಪಿನದು) 25 ಮೆಗಾಹರ್ಟ್ಸ್‌ನಂತೆ ಏರಿಸುತ್ತಾ ಹೋಗಬೇಕು, ಏರಿಸಿದಾಗಲೆಲ್ಲ ಸೂಪರ್‌ಪೊಸಿಷನ್‌ನಂಥ ಒಂದು ಪರೀಕ್ಷೆ ಓಡಿಸಿ ಅಂಕ ಮತ್ತು ಬಿಸಿ ಎರಡನ್ನೂ ಬರೆದಿಟ್ಟುಕೊಳ್ಳಬೇಕು, ಪರದೆ ಕಪ್ಪಾಗಿ ಡ್ರೈವರ್ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಮತ್ತೆ ಶುರುವಾದರೆ ಒಂದೆರಡು ಹೆಜ್ಜೆ ಹಿಂದೆ ಬರಬೇಕು. ಆಮೇಲೆ ಮೆಮೊರಿಯದ್ದೂ ಹಾಗೇ. ಆದರೆ ಈ ಕೆಲಸಕ್ಕೆ ಏನು ಹೆಸರಿಡಬೇಕು ಅನ್ನುವಲ್ಲಿ ನಿಂತುಬಿಟ್ಟಿದ್ದೇನೆ.

ಗೇಮ್ ಆಡುವವರು ಓವರ್‌ಕ್ಲಾಕನ್ನು ಮೊಟಕು ಮಾಡಿ ‘ಓಸಿ ಮಾಡು’ ಅಂತಾರೆ. ಮಾತಿಗೆ ಅದು ಸಾಕು. ಆದರೆ ಕನ್ನಡ ಓದುಗರಿಗೆ ಓಸಿ ಅಂದರೆ ಮೊದಲು ಪುಕ್ಕಟೆ ಅಂತಲೇ ಹೊಳೆಯುವುದು, ಪತ್ರಿಕೆ ಓದುವವರಿಗೆ ಮಟ್ಕಾ. ಪೆಟ್ಟಿಗೆಯ ಮೇಲೆ ‘ಓಸಿ ಎಡಿಷನ್’ ಅಂತ ಇರುವ, ಅಂದರೆ ತಯಾರಿಸಿದವರೇ ಏರಿಸಿ ಮಾರುವ ಕಾರ್ಡುಗಳ ಬಗ್ಗೆ ಬರೆಯುವಾಗ ಈ ಪದ ಬಳಸಲು ನನಗೆ ಮನಸ್ಸಿಲ್ಲ.

‘ವೇಗ ಹೆಚ್ಚಿಸು’ ಅನ್ನಿ ಅಂತ ಹಲವರು ಹೇಳಬಹುದು. ನಾನು ಬೇಡ ಅನ್ನುವುದು ಇದನ್ನೇ. ಇದು ಕಲಿಯುವವರನ್ನು ನಿಜಕ್ಕೂ ದಾರಿ ತಪ್ಪಿಸುತ್ತದೆ. ಈ ಕಾರ್ಡಿನಲ್ಲಿರುವ ಜಿಡಿಡಿಆರ್5 ಮೆಮೊರಿಯಲ್ಲಿ ಡೇಟಾ ಸಾಗುವಾಗ ಆದ ತಪ್ಪನ್ನು ಪತ್ತೆ ಮಾಡುವ ಏರ್ಪಾಡಿದೆ. ತಪ್ಪು ಕಂಡರೆ ಅದೇ ಡೇಟಾವನ್ನು ಇನ್ನೊಮ್ಮೆ ಕಳಿಸಬೇಕಾಗುತ್ತದೆ. ಹಾಗಾಗಿ ಮೆಮೊರಿ ಕ್ಲಾಕನ್ನು ಒಂದು ಮಿತಿ ದಾಟಿಸಿದ ಮೇಲೆ ಪರದೆಯ ಮೇಲೆ ಎಲ್ಲವೂ ಸರಿಯಾಗೇ ಕಾಣುತ್ತಿದ್ದರೂ ಪರೀಕ್ಷೆಯ ಅಂಕ ಇಳಿಯತೊಡಗಬಹುದು. ಕ್ಲಾಕ್ ಏರಿದೆ, ವೇಗ ಇಳಿದಿದೆ! ಎರಡಕ್ಕೂ ವೇಗ ಅಂತಲೇ ಬರೆದರೆ ಈ ಸಾಲನ್ನು ಹೇಗೆ ಬರೆಯುವುದು ಹೇಳಿ.

‘ಗಡಿಯಾರ’ ಅಂದರೆ ಗೋಡೆ ಮೇಲಿನದ್ದೇ ನೆನಪಾಗುತ್ತೆ. ‘ಆವೃತ್ತಿ’ ವಿಜ್ಞಾನ ಬರಹಗಳಲ್ಲಿ ಇದೆ, ಆದರೆ ಸಾಫ್ಟ್‌ವೇರಿನ ವರ್ಷನ್‌ಗೂ ಅದನ್ನೇ ಬಳಸುತ್ತೇವೆ. ‘ಡ್ರೈವರಿನ ಆವೃತ್ತಿ ನೋಡಿಕೊಂಡು ಕೋರಿನ ಆವೃತ್ತಿ ಏರಿಸಿ’ ಅಂತ ಬರೆಯಲಾಗದು, ಅಲ್ವಾ?

ಸಂಗೀತದ ಕಡೆಯಿಂದಲೂ ನೋಡಿದೆ. ‘ಎರಡನೇ ಕಾಲಕ್ಕೆ ಏರಿಸು’ ಅನ್ನುವುದು ಕೇಳಲು ಚೆನ್ನಾಗಿದೆ. ಆದರೆ ಸರಳೆ ವರಸೆಯನ್ನು ಎರಡನೇ ಕಾಲದಲ್ಲಿ ಹಾಡುವಾಗ ಕೈಯ ತಾಳ ಬದಲಾಗುವುದಿಲ್ಲ, ತಾಳದ ಒಂದು ಅಕ್ಷರಕ್ಕೆ (ಎಣಿಕೆಗೆ) ಬರುವ ಸ್ವರಗಳು ಎರಡರಷ್ಟಾಗುತ್ತವೆ. ಓವರ್‌ಕ್ಲಾಕ್‌ನಲ್ಲಿ ತಾಳವೇ ಚುರುಕಾಗುವುದು. ಹಾಗಾಗಿ ‘ಕಾಲ’ ಇಲ್ಲಿ ಹೊಂದುವುದಿಲ್ಲ. ಆದರೆ ಇನ್ನೊಂದು ಕಡೆ ಅದು ತುಂಬಾ ಚೆನ್ನಾಗಿ ಹೊಂದುತ್ತೆ: ಇದೇ ಕಾರ್ಡಿನ ಮೆಮೊರಿಯನ್ನು ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ಸಾಫ್ಟ್‌ವೇರ್ 2002 ಮೆಗಾಹರ್ಟ್ಸ್ ಅಂತ ತೋರಿಸುತ್ತೆ, ಆಫ್ಟರ್‌ಬರ್ನರ್ ಅದರ ಎರಡರಷ್ಟು ತೋರಿಸುತ್ತೆ, ಮಾರುವವರು ಸೆಕೆಂಡಿಗೆ 8 ಗಿಗಾಬಿಟ್ ಅಂತಾರೆ. ಮೂರೂ ಸರಿಯೇ. ಒಂದು ಸಲದ ಮಿಡಿತಕ್ಕೆ ನಾಲ್ಕು ಸಲ ಡೇಟಾ ಸಾಗುತ್ತದೆ, ಅಷ್ಟೇ. ಹೊಸಬರು ಗಾಬರಿಯಾಗುವ ಈ ಜಾಗವನ್ನು ‘ತಾಳ ಒಂದೇ, ಕಾಲ ಬೇರೆ’ ಅಂತ ವಿವರಿಸಿದ್ದೇನೆ. ಸಂಗೀತ ಬಲ್ಲವರು ಇದು ಒಪ್ಪುತ್ತದೆಯೇ ಅಂತ ದಯವಿಟ್ಟು ಹೇಳಿ.

ಕ್ಲಾಕ್‌ಗೆ ನಾನು ಆರಿಸಿಕೊಂಡಿರುವುದು ‘ಮಿಡಿತ’. ಚಿಪ್ಪಿನೊಳಗೆ ನಡೆಯುವುದೂ ಅದೇ: ಕಾರ್ಡಿನ ಮೇಲಿರುವ ಪುಟ್ಟ ಹರಳೊಂದು ಒಂದೇ ಸಮನೆ ಮಿಡಿಯುತ್ತದೆ, ಅದನ್ನು ಒಳಗಿನ ಸರ್ಕ್ಯೂಟು ಎಷ್ಟೋ ಪಟ್ಟು ಹೆಚ್ಚಿಸಿಕೊಳ್ಳುತ್ತದೆ, ಪ್ರತಿ ಮಿಡಿತಕ್ಕೂ ಕೆಲಸ ಒಂದು ಹೆಜ್ಜೆ ಮುಂದೆ ಹೋಗುತ್ತದೆ. 1060ರ ಬೂಸ್ಟ್ ಕ್ಲಾಕ್ (ಹೆಚ್ಚು ಕೆಲಸವಿದ್ದಾಗ ಕಾರ್ಡ್ ತಾನೇ ಏರಿಸಿಕೊಳ್ಳುವ ಕ್ಲಾಕ್) 1708 ಮೆಗಾಹರ್ಟ್ಸ್. ಅಂದರೆ ಎರಡು ಮಿಡಿತದ ನಡುವೆ ಸಿಗುವ ಸಮಯ ಸುಮಾರು 0.59 ನ್ಯಾನೋಸೆಕೆಂಡ್. ಮಿಡಿತ ಏರಿಸಿದಷ್ಟೂ ಈ ಸಮಯ ಕಡಿಮೆಯಾಗುತ್ತದೆ, ಅಷ್ಟರೊಳಗೆ ಸಂಕೇತ ತಲುಪದಿದ್ದರೆ ಲೆಕ್ಕ ತಪ್ಪುತ್ತದೆ. ಕಾರ್ಡ್ ಯಾಕೆ ಕೈಕೊಡುತ್ತದೆ ಅನ್ನುವುದನ್ನು ಈ ಪದ ಇಟ್ಟುಕೊಂಡು ಸಲೀಸಾಗಿ ಹೇಳಬಹುದು. ಕ್ರಿಯಾಪದಕ್ಕೆ ‘ಮಿಡಿತ ಏರಿಸು’. ನಾಮಪದ ಬೇಕಾದಲ್ಲಿ, ಏರುದನಿಯ ಹಾಗೆ, ‘ಏರುಮಿಡಿತ’. ನನಗಂತೂ ಇದು ಕಿವಿಗೆ ಹಿತವಾಗಿದೆ.

ಇನ್ನೊಂದು ಪದಕ್ಕೂ ಸಹಾಯ ಬೇಕು. ಮಿತಿ ದಾಟಿದಾಗ ಪರದೆಯಲ್ಲಿ ಬಣ್ಣದ ಚುಕ್ಕಿ, ಚೌಕ, ಗೆರೆಗಳು ಮೂಡುತ್ತವಲ್ಲ, ಅದಕ್ಕೆ ಆರ್ಟಿಫ್ಯಾಕ್ಟ್ ಅಂತಾರೆ. ‘ಕಲಾಕೃತಿ’ ಅಂತೂ ಇಲ್ಲಿಗೆ ಸಲ್ಲದು. ಸದ್ಯಕ್ಕೆ ‘ಚಿತ್ರ ಕೆಡುವುದು’ ಅಂತ ಬರೆದಿದ್ದೇನೆ, ಆದರೆ ಚಿತ್ರ ಸೀಳಿದಂತೆ ಕಾಣುವುದು, ತಡೆದು ತಡೆದು ಬರುವುದು ಬೇರೆ ತೊಂದರೆಗಳು, ಅವೂ ಇದರೊಳಗೆ ಸೇರಿಹೋಗುತ್ತವೆ. ಹಳೇ ಟಿವಿಯಲ್ಲಿ ಚುಕ್ಕಿ ಚುಕ್ಕಿ ಬಂದಾಗ ನಿಮ್ಮ ಮನೆಗಳಲ್ಲಿ ಏನನ್ನುತ್ತಿದ್ದರು? ಧಾರವಾಡದ ಕಡೆಯವರು, ಕರಾವಳಿಯವರು ಬರೆಯಿರಿ. ‘ಮಿಡಿತ’ ಅಂದ ಕೂಡಲೇ ಹೃದಯ, ನಾಡಿ ಬಿಟ್ಟು ಬೇರೇನೂ ತೋಚುವುದಿಲ್ಲ ಅನ್ನುವವರಿದ್ದರೆ ಅದನ್ನೂ ನೇರವಾಗಿ ಹೇಳಿಬಿಡಿ, ಕೈಪಿಡಿಯನ್ನು ಹುಡುಗರ ಕೈಗೆ ಕೊಡುವ ಮೊದಲೇ ಬದಲಾಯಿಸುತ್ತೇನೆ.