ಓದುಗರ ಸ್ಪಂದನ: ‘ನಾನು ಅತ್ತರೂ ಅವರು ಸುಮ್ಮನೆ ಕುಳಿತಿರುತ್ತಾರೆ’

ಕಳೆದ ಸಂಚಿಕೆಯ ಸಮಸ್ಯೆ: ಮಗನಿಗೆ ಆಟಿಸಂ (ಇತರರೊಂದಿಗೆ ಬೆರೆಯುವ, ಮಾತನಾಡುವ ರೀತಿ ಬೇರೆಯಾಗಿರುವ, ಹುಟ್ಟಿನಿಂದಲೇ ಬರುವ ಮಿದುಳಿನ ಭಿನ್ನತೆ) ಇದೆಯೆಂದು ತಿಳಿದ ಮೇಲೆ ಮೈಸೂರಿನ ಓದುಗರೊಬ್ಬರ ಪತಿಯೂ ಪರೀಕ್ಷೆ ಮಾಡಿಸಿಕೊಂಡರು. ತಮಗೂ ಆಟಿಸಂ ಇರುವುದು ಅವರಿಗೆ ಗೊತ್ತಾದದ್ದು 41ನೆಯ ವಯಸ್ಸಿನಲ್ಲಿ. ದಂಪತಿ ಆಪ್ತಸಮಾಲೋಚನೆಗೆ ಹೋದರು, ಆದರೆ ನಾಲ್ಕನೆಯ ಭೇಟಿಯ ನಂತರ ಪತಿ ‘ಇನ್ನು ಬರುವುದಿಲ್ಲ’ ಎಂದಿದ್ದಾರೆ.

ಸೋದರಿಯವರೇ, ‘ಎದುರುಬದುರು ಕುಳಿತು, ಕಣ್ಣಲ್ಲಿ ಕಣ್ಣಿಟ್ಟು ಮನಸ್ಸಿನಲ್ಲಿರುವುದನ್ನು ಹೇಳಿಕೊಳ್ಳಿ ಎಂದರು, ಇವರು ಗೋಡೆಯ ಕಡೆ ತಿರುಗಿದರು’ ಎಂದು ನೀವು ಬರೆದಿದ್ದನ್ನು ಓದಿದಾಗ, ಆ ಕುರ್ಚಿಯಲ್ಲಿ ಕುಳಿತಿದ್ದವನು ನಾನೇ ಎನ್ನಿಸಿತು. ನನಗೆ ಆಟಿಸಂ ಇದೆಯೆಂದು ಗೊತ್ತಾಗಿ ಆರು ವರ್ಷಗಳಾದವು. ಇನ್ನೊಬ್ಬರ ಕಣ್ಣು ನೋಡುತ್ತ ಕೂರುವುದೇ ನನಗೊಂದು ದೊಡ್ಡ ಕೆಲಸ. ಅದನ್ನು ಮಾಡುವಾಗ ಅವರ ಮಾತು ಕಿವಿಗೆ ಬೀಳುತ್ತದೆಯೇ ಹೊರತು ಮನಸ್ಸಿಗೆ ಇಳಿಯುವುದಿಲ್ಲ. ‘ಈಗ ನಿಮಗೆ ಏನನ್ನಿಸುತ್ತಿದೆ’ ಎಂಬ ಪ್ರಶ್ನೆಗೆ ಉತ್ತರ ನನಗೆ ಹೊಳೆಯುವುದು ಎಷ್ಟೋ ಸಲ ಮಾರನೆಯ ದಿನ, ಸ್ನಾನ ಮಾಡುವಾಗ. ತನ್ನದೇ ಭಾವನೆಯನ್ನು ಗುರುತಿಸಿ ಹೆಸರಿಸಲಾಗದ ಈ ತೊಡಕನ್ನು ಅಲೆಕ್ಸಿಥೈಮಿಯ ಎನ್ನುತ್ತಾರೆ. ಆಟಿಸಂ ಇರುವ ಎಲ್ಲರಿಗೂ ಇದು ಇರುವುದಿಲ್ಲ, ಆದರೆ ಇತರರಿಗಿಂತ ಅವರಲ್ಲಿ ಹೆಚ್ಚು.

ನಮ್ಮ ಮೊದಲ ಸಮಾಲೋಚಕರನ್ನು ನಾವೂ ಬಿಟ್ಟೆವು. ಎರಡನೆಯವರು ನಮ್ಮನ್ನು ಕಿಟಕಿಯ ಕಡೆ ಮುಖ ಮಾಡಿ ಪಕ್ಕಪಕ್ಕದಲ್ಲಿ ಕೂರಿಸಿದರು, ಮಾತನಾಡಬೇಕಾದ ವಿಷಯವನ್ನು ಎರಡು ದಿನ ಮೊದಲೇ ಬರೆದು ಕಳಿಸಿದರು, ಮನೆಯಲ್ಲಿ ಒಂದು ನೋಟ್‌ಬುಕ್ ಇಡಲು ಹೇಳಿದರು. ಎಡಪುಟ ಹೆಂಡತಿಯದು, ಬಲಪುಟ ನನ್ನದು, ಉತ್ತರಿಸಲು ಗಡುವಿಲ್ಲ. ಅವಳು ಮೊದಲು ಬರೆದದ್ದು ಇದು: ‘ನನ್ನ ಅಮ್ಮ ತೀರಿಕೊಂಡ ದಿನ ನೀವು ಶಾಮಿಯಾನದವರಿಗೆ, ಕುರ್ಚಿಯವರಿಗೆ ಫೋನ್ ಮಾಡುತ್ತ ಓಡಾಡಿದಿರಿ, ಒಮ್ಮೆಯೂ ನನ್ನ ಹತ್ತಿರ ಬಂದು ಕೂರಲಿಲ್ಲ.’ ಮೂರು ದಿನಗಳ ನಂತರ ನಾನು ಬರೆದೆ: ‘ಬಂದವರೆಲ್ಲ ಬಿಸಿಲಿನಲ್ಲಿ ನಿಂತಿದ್ದರು. ನಿನ್ನ ದುಃಖದಲ್ಲಿ ನನ್ನ ಕೈಯಿಂದ ಆಗುವುದು ಅದೊಂದೇ ಎಂದುಕೊಂಡಿದ್ದೆ.’ ಅದರ ಪಕ್ಕದಲ್ಲಿ ಅವಳು ಬರೆದದ್ದು ಎರಡೇ ಪದ: ‘ಕೂತಿದ್ದರೆ ಸಾಕಿತ್ತು.’ ಒಂಬತ್ತು ವರ್ಷ ಅವಳು ಹೊತ್ತುಕೊಂಡಿದ್ದ ಮಾತು ಅದು, ನನಗೆ ತಿಳಿದದ್ದು ಅಂದೇ. ನಿಮ್ಮ ಪತಿ ಬರುವುದಿಲ್ಲ ಎಂದದ್ದು ನಿಮಗೋ, ಆ ಕೋಣೆಗೋ ಎಂದು ದಯವಿಟ್ಟು ಒಮ್ಮೆ ಕೇಳಿ. ಬಾಯಲ್ಲಿ ಬೇಡ, ಬರೆದು ಕೇಳಿ.
– ಓದುಗ, ಹುಬ್ಬಳ್ಳಿ

ನಾನು ದಂಪತಿಗಳೊಂದಿಗೆ ಕೆಲಸ ಮಾಡುವ ಆಪ್ತಸಮಾಲೋಚಕಿ. ನಮ್ಮ ತರಬೇತಿಯ ಹೆಚ್ಚಿನ ಪಾಠಗಳು ಇಬ್ಬರ ಮಿದುಳೂ ಒಂದೇ ಬಗೆಯಲ್ಲಿ ಕೆಲಸ ಮಾಡುತ್ತದೆ ಎಂದುಕೊಂಡೇ ಹೊರಡುತ್ತವೆ, ಆದ್ದರಿಂದ ಮೌನವನ್ನು ಹಟವೆಂದೂ ನೇರ ಮಾತನ್ನು ಒರಟುತನವೆಂದೂ ತಪ್ಪಾಗಿ ಓದುವ ಅಪಾಯ ನಮ್ಮಲ್ಲೇ ಇದೆ. ಸ್ವತಃ ಆಟಿಸಂ ಇರುವ ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ 2012ರಲ್ಲಿ, ಅರ್ಥವಾಗದಿರುವುದು ಒಬ್ಬರ ಕೊರತೆಯಲ್ಲ, ಎರಡೂ ಕಡೆಯಿಂದ ಆಗುವ ತಪ್ಪುಗ್ರಹಿಕೆ ಎಂದು ವಾದಿಸಿದರು. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಎಂಟೆಂಟು ಜನರ ಸಾಲುಗಳಿಗೆ ಒಂದು ಕಥೆಯನ್ನು ಒಬ್ಬರಿಂದೊಬ್ಬರಿಗೆ ದಾಟಿಸಲು ಹೇಳಿದಾಗ, ಆಟಿಸಂ ಇರುವವರೇ ಇದ್ದ ಸಾಲು ಇಲ್ಲದವರ ಸಾಲಿನಷ್ಟೇ ಚೆನ್ನಾಗಿ ದಾಟಿಸಿತು, ಮಿಶ್ರ ಸಾಲಿನಲ್ಲಿ ಹೆಚ್ಚು ಸೋರಿಹೋಯಿತು. ಮುಂದೆ ಇನ್ನೂ ಹೆಚ್ಚು ಜನರೊಂದಿಗೆ ಮಾಡಿ ನೋಡಿದಾಗ ಮಿಶ್ರ ಸಾಲಿನ ಆ ಸೋರಿಕೆ ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ಆಟಿಸಂ ಇದ್ದರೆ ಮಾತು ದಾಟಿಸಲು ಬಾರದು ಎಂಬ ನಂಬಿಕೆಗೆ ಎರಡರಲ್ಲಿಯೂ ಆಧಾರ ಸಿಗಲಿಲ್ಲ.

ಮುಂದಿನ ಸಮಾಲೋಚಕರನ್ನು ಹುಡುಕುವಾಗ, ವಯಸ್ಕರ ಆಟಿಸಂ ಅಥವಾ ಎಡಿಎಚ್‌ಡಿ (ಗಮನ ನಿಲ್ಲಿಸುವುದು, ಕೆಲಸಗಳನ್ನು ನೆನಪಿಟ್ಟು ಮಾಡುವುದು ಕಷ್ಟವಾಗುವ ಸ್ಥಿತಿ) ಬಗ್ಗೆ ಕೆಲಸ ಮಾಡಿದ್ದೀರಾ, ನಮಗಾಗಿ ಭೇಟಿಯ ಕ್ರಮವನ್ನು ಬದಲಿಸುತ್ತೀರಾ ಎಂದು ಫೋನಿನಲ್ಲೇ ಕೇಳಿಬಿಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬಗಳಿಗೆಂದೇ ಮನೋವೈದ್ಯಕೀಯ ವಿಭಾಗವಿದೆ. ಎಲ್ಲಿಂದ ಆರಂಭಿಸುವುದು ಎಂಬ ಗೊಂದಲವಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಉಚಿತವಾಗಿ ಮಾತನಾಡಬಹುದು. ಆಟಿಸಂ ಅನ್ನು ವಾಸಿ ಮಾಡುತ್ತೇವೆ ಎನ್ನುವವರ ಹತ್ತಿರ ಮಾತ್ರ ಹೋಗಬೇಡಿ.
– ಆಪ್ತಸಮಾಲೋಚಕಿ, ಬೆಂಗಳೂರು

ನಮ್ಮ ಮನೆಯಲ್ಲಿ ಎಡಿಎಚ್‌ಡಿ ಇರುವುದು ನನಗೆ. ಹಾಲು ಉಕ್ಕುವುದು, ಕರೆಂಟ್ ಬಿಲ್ಲಿನ ದಿನ ದಾಟುವುದು, ಅತ್ತೆಯ ಮಾತ್ರೆ ತರುವುದು ಮರೆಯುವುದು, ಎಲ್ಲವೂ ‘ಅವಳಿಗೆ ಮನೆಯ ಮೇಲೆ ಲಕ್ಷ್ಯವಿಲ್ಲ’ ಎಂಬಲ್ಲಿಗೆ ಹೋಗಿ ನಿಲ್ಲುತ್ತಿತ್ತು. ಸಮಾಲೋಚನೆಯಲ್ಲಿ ನಾವು ಮೊದಲು ಮಾಡಿದ್ದು ಪ್ರೀತಿಯ ಮಾತಲ್ಲ, ಮನೆಗೆಲಸದ ಹಂಚಿಕೆ. ದಿನಾಂಕ ನೆನಪಿಡಬೇಕಾದ ಕೆಲಸಗಳೆಲ್ಲ ಯಜಮಾನರಿಗೆ ಹೋದವು. ಮಕ್ಕಳನ್ನು ಆಡಿಸುವುದು, ನೆಂಟರನ್ನು ಸುಧಾರಿಸುವುದು ನನ್ನ ಪಾಲಿಗೆ ಬಂದವು. ಜಗಳದ ನಡುವೆ ಒಬ್ಬರು ‘ಅರ್ಧ ಗಂಟೆ’ ಎಂದರೆ ಇನ್ನೊಬ್ಬರು ಹಿಂಬಾಲಿಸಬಾರದು, ಆದರೆ ಹೇಳಿದವರು ಅರ್ಧ ಗಂಟೆಗೆ ಸರಿಯಾಗಿ ತಾವೇ ವಾಪಸು ಬರಬೇಕು. ವಾಪಸು ಬರುವ ಭಾಗವೇ ಕಷ್ಟವಾಗಿತ್ತು, ಈಗಲೂ ನಾನು ಅಲಾರಂ ಇಟ್ಟುಕೊಳ್ಳುತ್ತೇನೆ.
– ಓದುಗಿ, ಶಿವಮೊಗ್ಗ

ಮೇಲಿನ ಮಾತುಗಳನ್ನೆಲ್ಲ ಒಪ್ಪುವ ಹಾಗೆಯೇ ಒಂದು ಆತಂಕವನ್ನೂ ಹೇಳಬೇಕಾಗಿದೆ, ತಂಗಿ. ಗಂಡನಿಗೆ ಹೊಂದಿಕೊಂಡು ಹೋಗು ಎಂಬ ಹಳೆಯ ಬುದ್ಧಿಮಾತು ಈಗ ವೈದ್ಯರ ಚೀಟಿಯೊಂದಿಗೆ ನಿಮ್ಮ ತಲೆಗೆ ಬೀಳಬಾರದು. ಅವರ ಮೌನಕ್ಕೆ ಆಟಿಸಂ ಕಾರಣವಿರಬಹುದು. ಆದರೆ ಹಂಗಿಸಿ ಮಾತನಾಡಿದರೆ, ಹಣಕ್ಕೆ ಲೆಕ್ಕ ಕೇಳಿ ಹಿಂಸಿಸಿದರೆ ಅದಕ್ಕೆ ಆಟಿಸಂ ಕಾರಣವಲ್ಲ. ನಿಮ್ಮ ಪತ್ರದಲ್ಲಿ ಅಂಥದ್ದೇನೂ ಇಲ್ಲವಾದರೂ, ‘ನನಗೆ ನಿದ್ದೆ ಬಾರದೆ ಎರಡು ತಿಂಗಳಾಯಿತು’ ಎಂಬ ಒಂದು ಸಾಲನ್ನು ಯಾರೂ ಎತ್ತಿಕೊಳ್ಳಲಿಲ್ಲ. ಹೊಸ ಸಮಾಲೋಚಕರು ಸಿಕ್ಕಾಗ ಮೊದಲ ಭೇಟಿಗೆ ನೀವೊಬ್ಬರೇ ಹೋಗಿ, ಮಗನ ವಿಷಯವನ್ನೂ ಪತಿಯ ವಿಷಯವನ್ನೂ ಬದಿಗಿಟ್ಟು, ಆ ನಿದ್ದೆಯ ಬಗ್ಗೆ ಹೇಳಿ.
– ಓದುಗಿ, ಧಾರವಾಡ