ತಿಂಗಳ ಆಟೋಪೇನಾ, ವರ್ಷದ ಇನ್‌ವಾಯ್ಸಾ?

ತಕ್ಕಡಿ: ನಮ್ಮದು ಸಣ್ಣ ಕಾರ್ಖಾನೆಗಳಿಗೆ ಸ್ಟಾಕ್-ಬಿಲ್ಲಿಂಗ್ ಸಾಫ್ಟ್‌ವೇರ್. ತಿಂಗಳಿಗೆ 1,200, ವರ್ಷಕ್ಕೆ 12,999, ಜಿಎಸ್‌ಟಿ ಬೇರೆ. ಗಿರಾಕಿಗಳು ಪೀಣ್ಯ, ಬೆಳಗಾವಿ, ಕೊಲ್ಹಾಪುರದವರು. ತಿಂಗಳ ಆಟೋಪೇ (ಖಾತೆಯಿಂದ ತಾನಾಗಿ ಕಡಿತ) ನಿಲ್ಲಿಸಿ ಎಲ್ಲರನ್ನೂ ವರ್ಷದ ಪ್ಲಾನಿಗೆ ತರಬಹುದಾ?

ಲೆಕ್ಕದಂಗಡಿ: ಮೊದಲು 12,999 ತೆಗೆಯಿರಿ. 18% ಜಿಎಸ್‌ಟಿ ಸೇರಿದರೆ 15,338 ರೂಪಾಯಿ 82 ಪೈಸೆ. ಆಟೋ ಡೆಬಿಟ್ 15,000 ದಾಟಿದರೆ ಆರ್‌ಬಿಐ ನಿಯಮದಂತೆ ಪ್ರತಿ ಸಲ ಗಿರಾಕಿಯೇ ಓಟಿಪಿ ಕೊಡಬೇಕು, ಯುಪಿಐ ಆದರೆ ಪಿನ್. ನವೀಕರಣ ತಾನಾಗಿ ಆಗುತ್ತದೆ ಎಂದು ಕೂತರೆ ಆಗುವುದಿಲ್ಲ. ಮೂಲ ಬೆಲೆ 12,711 ಇಟ್ಟರೆ ಒಟ್ಟು 14,998.98. ಆ 288 ರೂಪಾಯಿ ಬಿಟ್ಟುಕೊಟ್ಟರೆ ನಷ್ಟವೇನಿಲ್ಲ.

ಕರಾವಳಿ_ಕೋಡ್: ಮಿತಿಯೊಳಗೆ ಬಂದ ಮಾತ್ರಕ್ಕೆ ದುಡ್ಡು ಬರಲ್ಲ. ಡೆಬಿಟ್‌ಗೆ ಕನಿಷ್ಠ 24 ಗಂಟೆ ಮುಂಚೆ ಸೂಚನೆ ಹೋಗಲೇಬೇಕು, ಅದರಲ್ಲೇ ರದ್ದು ಮಾಡುವ ದಾರಿಯೂ ಇರುತ್ತೆ. ವರ್ಷಕ್ಕೊಮ್ಮೆ 15,000ದ ಮೆಸೇಜ್ ನೋಡಿದ ಮಾಲೀಕ ಗಾಬರಿಯಲ್ಲಿ ರದ್ದು ಒತ್ತುತ್ತಾನೆ. ತಿಂಗಳಿಗೆ 1,416 ಆದರೆ ಗಮನಿಸುವುದೂ ಇಲ್ಲ. ನನ್ನ ಮತ ತಿಂಗಳದ್ದಕ್ಕೇ.

ಲೆಕ್ಕದಂಗಡಿ: ಗಮನಿಸದ ಗಿರಾಕಿ ಬಳಸುತ್ತಲೂ ಇರುವುದಿಲ್ಲ, ಸ್ವಾಮಿ. ಕಾರ್ಖಾನೆಯವರಿಗೆ ಪ್ರೊಫಾರ್ಮಾ (ದುಡ್ಡು ಬರುವ ಮುಂಚಿನ ಕರಡು ಬಿಲ್) ಕಳಿಸಿ, ನೆಫ್ಟ್‌ನಲ್ಲಿ, ಅಂದರೆ ಬ್ಯಾಂಕ್ ವರ್ಗಾವಣೆಯಲ್ಲಿ, ತರಿಸಿ. ಅವರು ಕಬ್ಬಿಣಕ್ಕೂ ಹಾಗೇ ಕೊಡುವುದು. ನವೀಕರಣಕ್ಕೆ 45 ದಿನ ಮುಂಚೆ ಒಂದು, 15 ದಿನ ಮುಂಚೆ ಇನ್ನೊಂದು. ಮಾಲೀಕರಿಗಲ್ಲ, ಅಕೌಂಟೆಂಟ್‌ಗೆ.

ಶಾಂತಲಾ_ಟ್ಯಾಕ್ಸ್: ವರ್ಷದ ದುಡ್ಡು ಮುಂಗಡ ಪಡೆದರೆ ಪೂರ್ತಿ ಜಿಎಸ್‌ಟಿ ಆ ತಿಂಗಳ ಲೆಕ್ಕದಲ್ಲೇ ಕಟ್ಟಬೇಕು, ಆದಾಯವನ್ನು ಮಾತ್ರ ತಿಂಗಳು ತಿಂಗಳಿಗೆ ಹಂಚಿ ತೋರಿಸಬೇಕು. ನಾಲ್ಕನೇ ತಿಂಗಳಲ್ಲಿ ಗಿರಾಕಿ ಬಿಟ್ಟುಹೋದರೆ ಕ್ರೆಡಿಟ್ ನೋಟ್ (ಬಿಲ್ ಮೊತ್ತ ಇಳಿಸುವ ಚೀಟಿ) ತಾಪತ್ರಯ. ಇದನ್ನು ಲೆಕ್ಕ ಹಿಡಿದೇ ರಿಯಾಯಿತಿ ಕೊಡಿ.

ಕೊಲ್ಹಾಪುರ ಅಂದಿರಿ. ಅವರ ಜಿಎಸ್‌ಟಿ ಸಂಖ್ಯೆ 27ರಿಂದ ಶುರು, ಬೆಳಗಾವಿಯದು 29. ನೀವು ಕರ್ನಾಟಕದಲ್ಲಿ ನೋಂದಾಯಿತರಾಗಿದ್ದರೆ 27ಕ್ಕೆ, ಅಂದರೆ ಮಹಾರಾಷ್ಟ್ರಕ್ಕೆ, ಐಜಿಎಸ್‌ಟಿ (ಹೊರರಾಜ್ಯದ ಮಾರಾಟದ ಜಿಎಸ್‌ಟಿ). ಅದಕ್ಕೂ ರಾಜ್ಯದೊಳಗಿನ ಬಿಲ್‌ನಂತೆ 9+9 (ಕೇಂದ್ರದ ಪಾಲು, ರಾಜ್ಯದ ಪಾಲು) ಹಾಕಿದರೆ ಅವರಿಗೆ ಕ್ರೆಡಿಟ್ (ಕಟ್ಟಿದ ಜಿಎಸ್‌ಟಿಯನ್ನು ತಮ್ಮ ತೆರಿಗೆಯಲ್ಲಿ ಕಳೆಯುವ ಅವಕಾಶ) ಸಿಗಲ್ಲ, ಮುಂದಿನ ಬಿಲ್ ತಡೆಹಿಡಿಯುತ್ತಾರೆ. ಸೈನ್‌ಅಪ್ ಫಾರ್ಮ್‌ನಲ್ಲಿ ಸಂಖ್ಯೆ ಕೇಳದೇ ಬಿಟ್ಟಿದ್ದರೂ ಅದೇ ಗತಿ: ಬಿಲ್ ಬಿ2ಸಿಗೆ (ಜಿಎಸ್‌ಟಿ ಸಂಖ್ಯೆ ಇಲ್ಲದವರ ಪಟ್ಟಿಗೆ) ಹೋಗುತ್ತದೆ, ಅವರ 2ಬಿಯಲ್ಲಿ (ಸಿಗಬೇಕಾದ ಕ್ರೆಡಿಟ್‌ನ ಪಟ್ಟಿಯಲ್ಲಿ) ಕಾಣುವುದೇ ಇಲ್ಲ.

ತಕ್ಕಡಿ: ಟಿಡಿಎಸ್? ಗಿರಾಕಿ ಬಿಲ್ ಕೊಡುವಾಗಲೇ ಆದಾಯ ತೆರಿಗೆ ಹಿಡಿದುಕೊಳ್ಳುತ್ತಾರಲ್ಲ?

ಶಾಂತಲಾ_ಟ್ಯಾಕ್ಸ್: 2025ರ ಏಪ್ರಿಲ್‌ನಿಂದ ಮಿತಿ ವರ್ಷಕ್ಕೆ 50,000, ನಿಮ್ಮ ಸಣ್ಣ ಪ್ಲಾನಿಗೆ ತಾಗಲ್ಲ. ದೊಡ್ಡ ಗಿರಾಕಿಗೆ 60,000 ಬಿಲ್ ಮಾಡಿದಿರಿ ಅನ್ನಿ. ಜಿಎಸ್‌ಟಿ ಸೇರಿ 70,800. ಅವರು ಮೂಲ ಬೆಲೆಯ ಮೇಲೆ 10% ಹಿಡಿದರೆ ಬರುವುದು 64,800. ಸಿಸ್ಟಮ್ ಅದನ್ನು ‘ಅರ್ಧ ಪಾವತಿ’ ಎಂದು ತಿಳಿದು ಖಾತೆ ಲಾಕ್ ಮಾಡಬಾರದು. ‘ಟಿಡಿಎಸ್ ಬಾಕಿ’ ಅಂತ ಬೇರೆ ಸ್ಥಿತಿ ಇಡಿ, ಆದಾಯ ತೆರಿಗೆ ಪೋರ್ಟಲ್‌ನ ತೆರಿಗೆ ಕಡಿತದ ವಿವರದಲ್ಲಿ ತಾಳೆ ನೋಡಿ ಮುಗಿಸಿ.

ಕರಾವಳಿ_ಕೋಡ್: ಲಾಕ್ ಅಂದಿರಲ್ಲ, ದುಡ್ಡು ಬರದ ದಿನವೇ ಬಿಲ್ಲಿಂಗ್ ನಿಲ್ಲಿಸುವವರಿದ್ದಾರೆ. ಗೇಟಿನಲ್ಲಿ ಲಾರಿ ನಿಂತಿದೆ, ಇನ್‌ವಾಯ್ಸ್ ತೆಗೆಯಲಾಗುತ್ತಿಲ್ಲ. ಆ ಗಿರಾಕಿ ಬಾಕಿ ಕಟ್ಟುತ್ತಾನೆ, ಮರುದಿನವೇ ಬೇರೆಯದನ್ನು ಹುಡುಕುತ್ತಾನೆ. ಮೊದಲ ವಾರ ತೆರೆಯ ಮೇಲೆ ‘ಬಾಕಿ ಇದೆ’ ಎಂಬ ಸೂಚನೆ ಮಾತ್ರ ತೋರಿಸಿ, ಆಮೇಲೆ ರಿಪೋರ್ಟ್ ನಿಲ್ಲಿಸಿ, 30 ದಿನಕ್ಕೆ ಓದಲು ಮಾತ್ರ. ಡೇಟಾ ಡೌನ್‌ಲೋಡ್ ಯಾವತ್ತೂ ಮುಚ್ಚಬೇಡಿ.

ಮಾರಾಟಗಾರ್ತಿ: ಎಲ್ಲರೂ ವಸೂಲಿ ಮಾತಾಡ್ತಿದ್ದೀರಿ! 14 ದಿನದ ಟ್ರಯಲ್ ಈ ಸರಕಿಗೆ ಸಾಲದು. ಒಂದು ಜಿಎಸ್‌ಟಿ ರಿಟರ್ನ್ ಇದರಲ್ಲೇ ತೆಗೆದು ನೋಡುವವರೆಗೆ ಅಕೌಂಟೆಂಟ್ ನಂಬಲ್ಲ. 45 ದಿನ ಕೊಡಿ, ಆದರೆ ಮೊದಲ ವಾರದಲ್ಲೇ ಹಳೆಯ ಸ್ಟಾಕ್ ಪಟ್ಟಿ, ಪಾರ್ಟಿ ಬಾಕಿ ನೀವೇ ತುಂಬಿಕೊಡಿ. ಖಾಲಿ ಖಾತೆಯಲ್ಲಿ ಟ್ರಯಲ್ ಸಾಯುತ್ತದೆ. 11ರ ಜಿಎಸ್‌ಟಿಆರ್-1 (ಮಾರಾಟದ ವಿವರ), 20ರ 3ಬಿ (ತೆರಿಗೆ ಕಟ್ಟುವ ರಿಟರ್ನ್) ಹೊತ್ತಿಗೆ ಫೋನ್ ಮಾಡಿದರೆ ಬೈಸಿಕೊಳ್ಳುತ್ತೀರಿ, 21ರ ನಂತರ ಮಾಡಿ.

ಲೆಕ್ಕದಂಗಡಿ: ಇದಕ್ಕೆ ನನ್ನ ಒಪ್ಪಿಗೆ ಇದೆ. ಹಾಗಾದರೆ ಮೊದಲ ಮೂರು ತಿಂಗಳು ಯುಪಿಐ ಆಟೋಪೇ, ಆಮೇಲೆ ವರ್ಷದ ಇನ್‌ವಾಯ್ಸ್?

ಕರಾವಳಿ_ಕೋಡ್: ಮಾಡಬಹುದು. ವರ್ಷದ ದುಡ್ಡು ಬಂದ ದಿನವೇ ಹಳೇ ಮ್ಯಾಂಡೇಟ್ (ಆಟೋಪೇಗೆ ಗಿರಾಕಿ ಕೊಟ್ಟ ಅನುಮತಿ) ರದ್ದು ಮಾಡಿ, ಇಲ್ಲದಿದ್ದರೆ ಮುಂದಿನ ತಿಂಗಳು 1,416 ಮತ್ತೆ ಕಡಿತವಾಗುತ್ತದೆ.