ತಪ್ಪು ನನ್ನದು, ಸಿಟ್ಟು ಆಕೆ ಮೇಲೆ. ನಿಮಗೂ ಹೀಗಾಗಿದೆಯಾ?

ಸಿದ್ದಾಪುರದವ:
ನಮ್ಮದು ಸಿದ್ದಾಪುರದ ಹತ್ತಿರ ಸಣ್ಣ ರೋಬಸ್ಟಾ ಕಾಫಿ ತೋಟ. ಜನವರಿಯಲ್ಲಿ ಕುಯ್ಲು ಜೋರಾಗಿದ್ದಾಗ ಕೆಲಸದ ಹೆಂಗಸೊಬ್ಬರು ಮಗುವಿಗೆ ಜ್ವರ ಅಂತ ಎರಡು ಸಾವಿರ ಅಡ್ವಾನ್ಸ್ ಕೇಳಿದರು. ಕೊಡೋಣ ಅನ್ನಿಸಿತು, ಜೇಬಲ್ಲಿ ದುಡ್ಡೂ ಇತ್ತು. ಆದರೂ "ಶನಿವಾರ ನೋಡೋಣ" ಅಂದುಬಿಟ್ಟೆ.

ಅಲ್ಲಿಂದ ಶುರು ನೋಡಿ. ಆಕೆ ಚೀಲಕ್ಕೆ ಹಸಿರು ಕಾಯಿ ಜಾಸ್ತಿ ಹಾಕುತ್ತಾರೆ, ಊಟಕ್ಕೆ ಕೂತರೆ ಏಳೋದೇ ಇಲ್ಲ, ಇಂಥವರಿಗೆ ದುಡ್ಡು ಕೊಟ್ಟರೆ ಮುಗೀತು ಅಂತ ದಿನಾ ಹೆಂಡತಿ ಹತ್ತಿರ ದೂರು. ಮೊನ್ನೆ ಲೆಕ್ಕಕ್ಕೆ ತೂಕದ ಪುಸ್ತಕ ತೆಗೆದೆ. ಆಕೆ ದುಡ್ಡು ಕೇಳುವ ಮುಂಚೆ ದಿನದ ಕುಯ್ಲು 70, 72, 68 ಕೆಜಿ. ಆಮೇಲೆ 71, 69, 73. ಬರೆದವನು ನಾನೇ!

ಹೂಮಳೆ:
ಅಣ್ಣಾ, ಇದು ನಿಮಗೊಬ್ಬರಿಗೇ ಅಲ್ಲ. ಲಿಯಾನ್ ಫೆಸ್ಟಿಂಗರ್ ಅನ್ನೋ ಮನಶ್ಶಾಸ್ತ್ರಜ್ಞ 1957ರಲ್ಲೇ ಬರೆದಿದ್ದಾರೆ: ನಾವು ಮಾಡಿದ್ದಕ್ಕೂ ನಮ್ಮ ಬಗ್ಗೆ ನಾವು ಅಂದುಕೊಂಡಿದ್ದಕ್ಕೂ ತಾಳೆ ಬೀಳದಿದ್ದರೆ ಮನಸ್ಸಿಗೆ ಕಿರಿಕಿರಿ, ಆಗ ಯಾವುದು ಸುಲಭವೋ ಅದನ್ನ ಬದಲಾಯಿಸ್ತೀವಿ. 1960ರಲ್ಲಿ ಡೇವಿಸ್ ಮತ್ತು ಜೋನ್ಸ್ ಒಂದು ಪ್ರಯೋಗ ಮಾಡಿದರು. ವಿದ್ಯಾರ್ಥಿಗಳಿಂದ ಇನ್ನೊಬ್ಬನಿಗೆ ಕೆಟ್ಟದಾಗಿ ಹೇಳಿಸಿದರು. ತಾವೇ ಒಪ್ಪಿ ಹೇಳಿದವರಿಗೆ, ಆಮೇಲೆ ಅವನನ್ನ ನೋಡಿ ಸರಿಮಾಡೋ ದಾರಿಯೂ ಇಲ್ಲದಿದ್ದಾಗ, ಅವನೇ ಬೇಡವಾದ. ನಿಮಗೆ ದಾರಿ ಇತ್ತಲ್ವಾ? ಆಕೆ ಇರೋ ಲೈನ್ ಮನೆ, ಅದೇ ಕೆಲಸದವರ ಸಾಲುಮನೆ, ಎಷ್ಟು ದೂರ?

ಗೋಣಿಚೀಲ:
ಸುಮ್ನೆ ಎಲ್ಲಾ ತಪ್ಪನ್ನೂ ಮೈಮೇಲೆ ಹಾಕ್ಕೋಬೇಡಿ ಮಾರಾಯ್ರೆ. ಕಾಯಿ ಹಸಿರೋ ಹಣ್ಣೋ ಅಂತ ತಕ್ಕಡಿಗೆ ಗೊತ್ತಾಗುತ್ತಾ? ತೂಕ ಸರಿ ಇದ್ದ ಮಾತ್ರಕ್ಕೆ ಕುಯ್ಲು ಸರಿ ಇತ್ತು ಅಂತಲ್ಲ. ಕೆಲವರು ಗೆಲ್ಲು ಸಮೇತ ಬಾಚಿ ಹಾಕುವುದನ್ನು ನಾನೇ ನೋಡಿದ್ದೇನೆ.

ಸಿದ್ದಾಪುರದವ:
ಒಪ್ಪಿದೆ. ಆದರೆ ನಿಜ ಹೇಳಬೇಕಂದ್ರೆ ಆಕೆಯ ಚೀಲವನ್ನ ನಾನು ಒಂದು ದಿನವೂ ಕಣದಲ್ಲಿ ಸುರಿದು ನೋಡಿಲ್ಲ. ನೋಡೋದು ಬೇಕಾಗಿರಲಿಲ್ಲ ಅನ್ಸುತ್ತೆ.

ಹೂಮಳೆ:
ಹೋಗಿ ಮಾತಾಡಿದ್ರಾ?

ಸಿದ್ದಾಪುರದವ:
ಇವತ್ತು ಸಂಜೆ ಹೋಗಿದ್ದೆ. ಅನ್ನ ಬಸಿಯುತ್ತಿದ್ದರು. ಮಗುವಿನ ಜ್ವರ ಹೇಗಿದೆ ಅಂತ ಕೇಳಿದೆ, ಬೇರೆ ಏನೂ ಬಾಯಿಗೆ ಬರಲಿಲ್ಲ. "ಅದು ಹೋಗಿ ತಿಂಗಳಾಯ್ತಲ್ವಾ ಸಾರ್" ಅಂದರು. ದುಡ್ಡು ಪಕ್ಕದ ಮನೆಯವರು ಕೊಟ್ಟರಂತೆ.